ಏರಿಯ ಕೆಳಗಿನ ಬಡಾವಣೆಗೆ ಒಪ್ಪಿಗೆ ಕೊಟ್ಟವರಿಗೆ

ಬಡಾವಣೆಗಳಿಗೆ ಒಪ್ಪಿಗೆಯ ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ನಮ್ಮ ಹಿತ್ತಲಿನಲ್ಲಿ ಜಿನುಗುವ ನೀರು ಬಗ್ಗಡವಾಗಿದೆ. ಇದೇ ನನ್ನ ದೂರು. ನಿಮ್ಮ ಕಚೇರಿಯ ಕಿಟಕಿಯಲ್ಲಿ ಇದನ್ನು ಹೇಳಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ, ಒಮ್ಮೆ ನಿಮ್ಮ ಕಾರಿನ ಮುಚ್ಚಿದ ಗಾಜಿಗೂ ಹೇಳಿದ್ದೇನೆ. ಪ್ರತಿ ಸಲವೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಹಾಗಾಗಿ ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ. ನೀರು ಬಗ್ಗಡವಾದರೆ ಮುಳುಗಿಹೋಗುವುದೇನು ಎಂದು ಓದುವವರು ಕೇಳಬಹುದು. ನಮ್ಮ ಹಿತ್ತಲ ಬೇಲಿಯ ಆಚೆ ಒಂದಿಷ್ಟು ಹುಲ್ಲುನೆಲ, ಅದರ ಆಚೆ ಜಲಾಶಯದ ಮಣ್ಣಿನ ಏರಿ, ಏರಿಯ ಆಚೆ ಇಡೀ ನಗರ ಕುಡಿಯುವ ನೀರು. ಮುಳುಗುವುದೇನೆಂದು ಈಗ ಅವರಿಗೆ ತಿಳಿದಿರಬೇಕು. ನಿಮಗೆ ಮೊದಲೇ ತಿಳಿದಿತ್ತು.

ನಾನು ಫಿಸಿಯೋಥೆರಪಿಸ್ಟ್. ಮೂಳೆ ಮುರಿದವರಿಗೆ, ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಡೆಯಲು ಕಲಿಸುವುದು ನನ್ನ ಕೆಲಸ. ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಇಲ್ಲಿನ ಆಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿತೆಂದು ಅತ್ತೆಯನ್ನು, ಶಾಲೆಗೆ ಹೋಗುವ ಮಗಳನ್ನು, ಆಗಿನ್ನೂ ಹೊಟ್ಟೆಯಲ್ಲಿದ್ದ ಮಗನನ್ನು ಕಟ್ಟಿಕೊಂಡು ಈ ನಗರಕ್ಕೆ ಬಂದೆವು. ಆಸ್ಪತ್ರೆಗೆ ಹತ್ತಿರವಿದ್ದದ್ದು ಎರಡೇ ಬಡಾವಣೆ. ನಡುವೆ ಒಂದು ರಸ್ತೆ, ಮೇಲಕ್ಕೆ ಹತ್ತುವ ಕಲ್ಲಿನ ಮೆಟ್ಟಿಲ ಸಾಲು. ನಿಮ್ಮ ಕಾಗದಗಳಲ್ಲಿ ಅವಕ್ಕೆ ಏನೇನೋ ಚಂದದ ಹೆಸರುಗಳಿವೆ. ಜನರ ಬಾಯಲ್ಲಿ ಮೇಲಿನದು ದಿಬ್ಬ, ಕೆಳಗಿನದು ಬಯಲು. ದಿಬ್ಬದಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಒಬ್ಬರು ಸೀನಿದರೆ ಪಕ್ಕದ ಮನೆಯವರು ಮೂಗು ಒರೆಸಿಕೊಳ್ಳಬೇಕು. ಬಯಲಿನಲ್ಲಿ ಅಗಲ ರಸ್ತೆ, ಉದ್ಯಾನ, ಆಟದ ಮೈದಾನವಿರುವ ಶಾಲೆ, ಅತ್ತೆಯ ಮಂಡಿಗೆ ಹೇಳಿ ಮಾಡಿಸಿದಂಥ ಸಮತಟ್ಟು ನೆಲ. ಎರಡರ ನಡುವೆ ಅಲೆದು, ಗಂಡ ಹೆಂಡತಿ ವಾದ ಮಾಡಿ, ಮಾತು ಬಿಟ್ಟು, ಮತ್ತೆ ಆಡಿ, ಕೊನೆಗೆ ನಿಮ್ಮ ಕಚೇರಿಯನ್ನೇ ಕೇಳೋಣವೆಂದು ಹೊರಟೆವು. ಎಂಥ ಮುಗ್ಧರು ನೋಡಿ!

ಕಿಟಕಿಯಲ್ಲಿದ್ದ ಗುಮಾಸ್ತರು ಒಳ್ಳೆಯ ಮನುಷ್ಯ. ಅತ್ತೆಗೆ ಕುರ್ಚಿ ತರಿಸಿದರು.

"ಮಕ್ಕಳು ಮರಿ ಇರೋರೆಲ್ಲ ಬಯಲಲ್ಲೇ ತಗೊಳ್ತಾರೆ ಮೇಡಂ. ಯೋಚ್ನೆನೇ ಮಾಡ್ಬೇಡಿ."

"ಅಲ್ಲ ಸರ್, ಆ ಏರಿ?" ಎಂದ ನನ್ನ ಗಂಡ.

"ಏರಿಗೇನಾಗಿದೆ? ನಮ್ಮ ತಾತನ ಕಾಲದಿಂದ ನಿಂತಿದೆ."

"ಅದಕ್ಕೇ ಕೇಳಿದ್ದು. ನಾಲ್ಕು ಜನ ಹತ್ತೋ ಲಿಫ್ಟಿಗೇ ವರ್ಷವರ್ಷ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಅಂಟಿಸ್ತೀವಿ. ಇದಕ್ಕೆ ಎಲ್ಲಿ ಅಂಟಿಸಿದಾರೆ?"

ಗುಮಾಸ್ತರು ನಕ್ಕರು. "ಸಾಹೇಬ್ರು ಒಪ್ಪಿಗೆ ಕೊಟ್ಟಿದಾರಲ್ಲ, ಇನ್ನೇನು ಬೇಕು?"

ಆಗ ಅತ್ತೆ ಸುಮ್ಮನಿರಲಾರದೆ ಕೇಳಿದರು. "ನಿಮ್ಮ ಮನೆ ಎಲ್ಲಪ್ಪ?"

"ನಂದಾ? ದಿಬ್ಬದಲ್ಲಿ ಅಮ್ಮ. ಹೆಂಡತಿ ತವರಿಗೆ ಹತ್ರ ಅಂತ."

ಆಮೇಲೆ ನನಗೆ ತಿಳಿದದ್ದು: ನಿಮ್ಮ ಕಚೇರಿಯ ಎಂಜಿನಿಯರುಗಳ ಮನೆ ದಿಬ್ಬದಲ್ಲಿದೆ, ನಿಮ್ಮ ಡ್ರೈವರನ ಮನೆ ದಿಬ್ಬದಲ್ಲಿದೆ, ತಮ್ಮ ಮನೆಯೂ ದಿಬ್ಬದಲ್ಲೇ ಇದೆ. ಎಲ್ಲರ ಹೆಂಡಿರ ತವರೂ ಅಲ್ಲೇ ಇರಬೇಕು. ದಿಬ್ಬದ ಹೆಣ್ಣುಗಳಿಗೆ ಅದೆಂಥ ಬೇಡಿಕೆ!

ಬಯಲಿನ ಕೊನೆಯ ಸಾಲಿನಲ್ಲಿ ಮನೆ ಕೊಂಡೆವು. ಹಗಲು ಕಂಡ ಬಾವಿಗೆ ಹಗಲೇ ಬಿದ್ದೆವು. ಸುಳ್ಳೇಕೆ ಹೇಳಲಿ, ಸುಖವಾಗಿಯೇ ಇದ್ದೆವು. ಮಗ ಹುಟ್ಟಿದ, ಅವನ ಕೆನ್ನೆ ನೋಡಿ ಅತ್ತೆ ಗುಂಡ ಎಂದು ಕರೆದದ್ದೇ ಹೆಸರಾಯಿತು. ಮಗಳು ಬೀದಿಯಲ್ಲಿ ಸೈಕಲ್ ಕಲಿತಳು. ಸಂಜೆ ಏರಿಯ ನೆರಳು ನಮ್ಮ ಅಂಗಳಕ್ಕೆ ಬೇಗ ಬಂದುಬಿಡುತ್ತಿತ್ತು. ತಂಪಾಯಿತಲ್ಲ ಎಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು.

ಹೋದ ಬೇಸಿಗೆಯಲ್ಲಿ ಊರಿನ ಹುಲ್ಲೆಲ್ಲ ಒಣಗಿ ನಿಂತಾಗ ನಮ್ಮ ಹಿತ್ತಲ ಮೂಲೆಯೊಂದು ಮಾತ್ರ ಹಸಿರಾಯಿತು. ಅತ್ತೆಗೆ ಹಿಗ್ಗೋ ಹಿಗ್ಗು. ಅಲ್ಲಿ ಸೊಪ್ಪು ಬಿತ್ತಿದರು. "ನನ್ನ ಕೈಗುಣ ಕಣೇ" ಎಂದು ಬೀಗಿದರು. ಅಕ್ಕಪಕ್ಕದವರು ಹೊಟ್ಟೆಕಿಚ್ಚುಪಟ್ಟರು. ಸ್ವಲ್ಪ ದಿನಕ್ಕೆ ಅವರ ಹಿತ್ತಲುಗಳಲ್ಲೂ ಹಸಿರು ಬಂತು. ಆಗ ಬೀದಿಯವರೆಲ್ಲ ಬೇಲಿಯ ಆಚೆ ನೋಡತೊಡಗಿದರು. ಎಲ್ಲೋ ಪೈಪು ಒಡೆದಿದೆ ಎಂದು ದೂರು ಕೊಟ್ಟೆ. ನಿಮ್ಮವರು ಬಂದು ಮುಖ್ಯ ವಾಲ್ವನ್ನು ಇಡೀ ದಿನ ಮುಚ್ಚಿಟ್ಟರು. ಬೀದಿಯ ನಲ್ಲಿಗಳೆಲ್ಲ ಒಣಗಿದವು, ನಮ್ಮ ಹಿತ್ತಲು ಒಣಗಲಿಲ್ಲ. "ನೆಲದ ಸಹಜ ತೇವ" ಎಂದು ಬರೆದುಕೊಂಡು ಹೋದರು. ಹೌದು ಸ್ವಾಮಿ, ಜ್ವರವೂ ಮೈಯ ಸಹಜ ಬಿಸಿಯೇ.

ಆಮೇಲಿನ ಮಳೆಗಾಲದಲ್ಲಿ ಜಲಾಶಯ ತುಂಬಿದ ಮೇಲೆ ಆ ತೇವ ಒರತೆಯಾಯಿತು. ಒಂದು ಬೆಳಿಗ್ಗೆ ಅತ್ತೆ ಚೊಂಬಿನಲ್ಲಿ ನೀರು ತುಂಬಿಕೊಂಡು ಅಡಿಗೆಮನೆಗೆ ಬಂದರು. "ನೋಡೇ, ನಿನ್ನೆವರೆಗೂ ಕನ್ನಡಿ ಹಾಗಿತ್ತು. ಇವತ್ತು ಕಲಗಚ್ಚಿನ ಹಾಗಿದೆ."

ಮತ್ತೆ ದೂರು ಕೊಟ್ಟೆ. ಈ ಸಲ ಬಂದವಳು ನಿಮ್ಮ ಕಚೇರಿಯ ಕಿರಿಯ ಎಂಜಿನಿಯರ್, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ನಗುನಗುತ್ತಲೇ ಬಂದಳು, ಗುಂಡನ ಕೆನ್ನೆ ಹಿಂಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಒರತೆಯ ನೀರನ್ನು ಗಾಜಿನ ಲೋಟಕ್ಕೆ ತುಂಬಿ ಬೆಳಕಿಗೆ ಹಿಡಿದಳು. ನಗು ನಿಂತಿತು.

"ಯಾವಾಗಿಂದ ಹೀಗೆ ಬರ್ತಿದೆ?"

"ಸೋಮವಾರದಿಂದ. ಯಾಕೆ, ತಿಳಿನೀರಿಗೂ ಇದಕ್ಕೂ ಏನು ವ್ಯತ್ಯಾಸ?"

ಅವಳು ಆಚೀಚೆ ನೋಡಿದಳು. "ತಿಳಿನೀರು ಬಂದ್ರೆ ಏರಿ ಸೋರ್ತಿದೆ ಅಂತ ಅಕ್ಕ. ಬಗ್ಗಡ ನೀರು ಬಂದ್ರೆ ಏರಿನೇ ಬರ್ತಿದೆ ಅಂತ."

ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೊರಟಳು. ಗೇಟಿನ ಹತ್ತಿರ ನಿಂತು, ಬಗ್ಗಿ ಸೊಪ್ಪು ಕೀಳುತ್ತಿದ್ದ ಅತ್ತೆಯನ್ನು ನೋಡುತ್ತ ಮೆಲ್ಲಗೆ ಕೇಳಿದಳು. "ಅಜ್ಜಿ ಎಷ್ಟು ಜೋರಾಗಿ ನಡೀತಾರೆ?"

ಅಧಿಕಾರಿಗಳೇ, ಈ ಪ್ರಶ್ನೆಯನ್ನು ನಾನು ದಿನವೂ ಆಸ್ಪತ್ರೆಯಲ್ಲಿ ಕೇಳುತ್ತೇನೆ. ಅಲ್ಲಿ ಅದು ಭರವಸೆಯ ಪ್ರಶ್ನೆ. ಹೋದ ವಾರಕ್ಕಿಂತ ಜೋರಾಗಿ ನಡೆಯುತ್ತಾರೆ ಎಂದು ಮನೆಯವರು ಹೇಳಿದರೆ ಎಲ್ಲರ ಮುಖ ಅರಳುತ್ತದೆ. ಆವತ್ತು ನಮ್ಮ ಹಿತ್ತಲಿನಲ್ಲಿ ಅದನ್ನು ಕೇಳಿದ ಮೇಲೆ ನಾನು ಮನೆಯಿಂದ ಮೆಟ್ಟಿಲವರೆಗಿನ ಹೆಜ್ಜೆ ಎಣಿಸಿದೆ.

ಅವಳು ಮತ್ತೆ ಬರಲಿಲ್ಲ. ಫೋನ್ ಮಾಡಿದರೆ "ಅವ್ರಿಗೆ ವರ್ಗ ಆಗಿದೆ" ಎಂದರು. ಅವಳು ಒಯ್ದ ಬಾಟಲಿಗಳು? "ಯಾವ ಬಾಟಲಿ?" ಎಂದರು. ಅದರ ಬದಲು ನಮ್ಮ ಬೀದಿಗೆ ಕಂಬಗಳು ಬಂದವು, ಕಂಬಗಳ ತಲೆಯ ಮೇಲೆ ಸೈರನ್ನುಗಳು ಬಂದವು. ಸುರಕ್ಷಿತ ಬಡಾವಣೆಗೆ ಸೈರನ್ ಯಾಕೆ ಎಂದು ಕೇಳಿದವರಿಗೆ, "ಇದ್ದರೆ ಒಳ್ಳೇದಲ್ವಾ?" ಎಂಬ ಉತ್ತರ ಸಿಕ್ಕಿತು.

ಅದು ಕೂಗಿದ್ದು ಒಂದು ಮಧ್ಯಾಹ್ನ. ನಾನು ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಸೊಂಟ ಹಿಡಿದು ನಡೆಸುತ್ತಿದ್ದೆ. ನನ್ನ ಗಂಡ ನಗರದ ಇನ್ನೊಂದು ತುದಿಯಲ್ಲಿ ಲಿಫ್ಟಿನ ಗುಂಡಿಯೊಳಗಿದ್ದ. ಮಗಳು ಶಾಲೆಯಲ್ಲಿದ್ದಳು, ಅಲ್ಲಿನ ಮೇಷ್ಟ್ರುಗಳು ಮಕ್ಕಳ ಕೈಕೈ ಹಿಡಿಸಿ ಸುತ್ತಿ ಹೋಗುವ ಬಸ್ಸಿನ ರಸ್ತೆಯಲ್ಲಿ ಮೇಲಕ್ಕೆ ಕರೆದೊಯ್ದರು, ಅವರ ಋಣ ದೊಡ್ಡದು. ಮನೆಯಲ್ಲಿದ್ದವರು ಅತ್ತೆ ಮತ್ತು ಗುಂಡ. ಅತ್ತೆ ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು, ಚಪ್ಪಲಿ ಮೆಟ್ಟದೆ ಮೆಟ್ಟಿಲ ಕಡೆ ನಡೆದರು. ಬೀದಿಯ ಜನವೆಲ್ಲ ಅತ್ತಲೇ ಓಡುತ್ತಿತ್ತು. ಮಂಡಿ ಹಿಡಿದುಕೊಂಡು, ಗೋಡೆಗೆ ಒರಗಿ, ಮತ್ತೆ ಹತ್ತಿ, ಆ ಜೀವ ಮೆಟ್ಟಿಲ ತುದಿಗೆ ತಲುಪಿತು. ತುದಿಯಲ್ಲಿ ಕಬ್ಬಿಣದ ಗೇಟು. ಗೇಟಿಗೆ ಬೀಗ.

ಆ ಗೇಟು ನಿಮಗೆ ನೆನಪಿರಬೇಕು. ಹೊರಗಿನವರ ಓಡಾಟ ಹೆಚ್ಚಾಗಿದೆ ಎಂದು ದಿಬ್ಬದ ನಿವಾಸಿಗಳ ಸಂಘ ಕೇಳಿಕೊಂಡಿತು, ತಾವು ಉದಾರವಾಗಿ ಒಪ್ಪಿಗೆ ಕೊಟ್ಟಿರಿ. ಮಧ್ಯಾಹ್ನದ ನಿದ್ದೆಗೆ ತೊಂದರೆಯಾಗಬಾರದೆಂದು ಆ ಹೊತ್ತಿಗೆ ಬೀಗ ಹಾಕುತ್ತಾರೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದವರನ್ನು ಕೇಳಿದ್ದೇವೆ. ಮುಳುಗುವವರು ಹತ್ತಿ ಬರುವ ಮೊದಲೇ ಬಾಗಿಲು ಹಾಕಿದವರನ್ನು ಕಂಡದ್ದು ಇದೇ ಮೊದಲು.

ಹಿಂದಿನಿಂದ ಜನ ನೂಕುತ್ತಿದ್ದರು. ಗೇಟಿನ ಆಚೆ ಯಾರೋ ಹೆಂಗಸು ಕೈ ಚಾಚಿ "ಕೊಡಿ ಅಜ್ಜಿ, ಮಗೂನ ಕೊಡಿ!" ಎಂದು ಕೂಗಿದಳು. ಅತ್ತೆ ಗುಂಡನನ್ನು ಗೇಟಿನ ಮೇಲಿಂದ ದಾಟಿಸಿದರು. ಕೊಟ್ಟ ಮರುಕ್ಷಣವೇ ನೂಕುನುಗ್ಗಲಿಗೆ ಕಾಲು ಜಾರಿತು.

ನಾನು ಓಡಿಬಂದಾಗ ಅವರು ಮೆಟ್ಟಿಲ ಬದಿಯಲ್ಲಿ ಮಲಗಿದ್ದರು. ಒಂದು ಪಾದ ಹೊರಕ್ಕೆ ತಿರುಗಿ ಬಿದ್ದಿತ್ತು. ಆ ತಿರುವನ್ನು ನೋಡಿದರೆ ಸಾಕು, ಸೊಂಟದ ಕೀಲು ಮುರಿದಿದೆಯೆಂದು ನನ್ನಂಥವರಿಗೆ ಗೊತ್ತಾಗುತ್ತದೆ. ಅತ್ತೆ ನೋವು ಎನ್ನಲಿಲ್ಲ. ನನ್ನ ಕೈ ಹಿಡಿದು ಅಂದದ್ದು ಇಷ್ಟು: "ಗುಂಡ ಮೇಲಿದಾನೆ. ಯಾರ ಹತ್ರ ಅಂತ ಗೊತ್ತಿಲ್ಲ. ಆದ್ರೆ ಮೇಲಿದಾನೆ."

ಆ ಗೊತ್ತಿಲ್ಲದ ಹೊತ್ತು ಹೇಗಿತ್ತೆಂದು ಬರೆಯಲಾರೆ. ಯಾರೋ ಬೀಗ ಒಡೆದರು. ದಿಬ್ಬದ ಬೀದಿ ಬೀದಿಯಲ್ಲಿ ಮಗನ ಹೆಸರು ಕೂಗಿಕೊಂಡು ಅಲೆದೆ. ಕೊನೆಗೆ ಒಂದು ಹೊಲಿಗೆ ಅಂಗಡಿಯೊಳಗೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು ಗುಂಡಿಗಳ ಡಬ್ಬಿ ಅಲ್ಲಾಡಿಸುತ್ತಿದ್ದ. ಟೈಲರಮ್ಮ ನನ್ನನ್ನು ಕಂಡದ್ದೇ ಅಳತೊಡಗಿದಳು. "ಬೀಗದ ಕೈ ನಮ್ಮಂಥೋರಿಗೆ ಕೊಡಲ್ಲ ಅಕ್ಕ. ಇದ್ದಿದ್ರೆ ತೆಗೀತಿರ್ಲಿಲ್ವಾ?"

ಏರಿ ಆವತ್ತು ಒಡೆಯಲಿಲ್ಲ. "ತಾಂತ್ರಿಕ ದೋಷದಿಂದ ಸೈರನ್ ತಾನಾಗಿ ಮೊಳಗಿದೆ, ಆತಂಕ ಬೇಡ" ಎಂದು ಸಂಜೆಗೆ ನಿಮ್ಮ ಪ್ರಕಟಣೆ ಬಂತು. ಸರಿ, ನಂಬೋಣ. ಆದರೆ ಮಾರನೆಯ ಬೆಳಿಗ್ಗೆ ನನ್ನ ಗಂಡ ಏರಿ ಹತ್ತಿ ನೋಡಿದರೆ ಒಳಗೋಡೆಯ ಕಲ್ಲಿನ ಮೇಲೆ ಆಳೆತ್ತರದ ಒದ್ದೆ ಪಟ್ಟಿ ಇತ್ತು, ನೀರು ಅಷ್ಟು ಕೆಳಗಿಳಿದಿತ್ತು, ತೂಬುಗಳೆಲ್ಲ ಬಾಯಿ ತೆರೆದು ಭೋರ್ಗರೆಯುತ್ತಿದ್ದವು. ದೋಷ ಸೈರನ್ನಿನದಾಗಿದ್ದರೆ ನೀರು ಯಾಕೆ ಬಿಟ್ಟಿರಿ? ಯಾವ ತಂತಿ ರಿಪೇರಿಗೆ ಜಲಾಶಯ ಖಾಲಿ ಮಾಡುತ್ತಾರೆ? ಈಗ ನಗರಕ್ಕೆ ಸಾಲದೆಂದು ತೂಬು ಮುಚ್ಚಿ ಮತ್ತೆ ತುಂಬಿಸುತ್ತಿದ್ದೀರಿ. ಮಳೆಗಾಲ ಬಾಗಿಲಲ್ಲಿ ನಿಂತಿದೆ. ನಮ್ಮ ಒರತೆ ಈಗ ಬೆರಳು ಗಾತ್ರದಲ್ಲಿಲ್ಲ, ತೋಳಿನಷ್ಟಿದೆ. ರಾತ್ರಿ ಮಗಳು ಬೂಟು ಹಾಕಿಕೊಂಡೇ ಮಲಗುತ್ತಾಳೆ. ಬಿಚ್ಚು ಎಂದು ಹೇಳುವ ಧೈರ್ಯ ನಮಗಿಬ್ಬರಿಗೂ ಇಲ್ಲ.

ಮನೆ ಬಿಟ್ಟು ಹೋಗಬಾರದೇ ಎನ್ನುತ್ತೀರಿ. ಎಲ್ಲಿಗೆ? ದಿಬ್ಬದಲ್ಲಿ ಬಾಡಿಗೆಗೆ ಒಂದು ಕೋಣೆಯೂ ಖಾಲಿ ಇಲ್ಲ, ಇದ್ದರೂ ಬಯಲಿನವರು ಎಂದರೆ ಬಾಗಿಲು ಹಾಕುತ್ತಾರೆ. ಮಾರೋಣವೆಂದು ಹೊರಟಾಗ ಕೈಗೂಸಿದ್ದ ದಂಪತಿ ಮನೆ ನೋಡಲು ಬಂದರು. ಆ ಹೆಣ್ಣುಮಗಳು ಹಿತ್ತಲು ನೋಡಿ "ಅಬ್ಬ, ಎಷ್ಟು ಹಸಿರಾಗಿದೆ!" ಎಂದಳು. ನನ್ನ ಗಂಡ ನೆಲ ನೋಡಿದ. ನಾನು ಎಲ್ಲ ಹೇಳಿಬಿಟ್ಟೆ. ಅವರು ಕಾಫಿಯನ್ನೂ ಮುಗಿಸದೆ ಎದ್ದರು. ಲೋಟಗಳನ್ನು ಎತ್ತಿಡುತ್ತ ನನ್ನ ಗಂಡ ಹೇಳಿದ: "ಹೇಳಿದ್ದು ಸರಿ. ಆದ್ರೆ ನಾವೇನ್ ಮಾಡೋಣ ಈಗ?" ನಿಮ್ಮ ಕಚೇರಿ ಒಂದು ಮುದ್ರೆಯ ಜೊತೆ ಮುಚ್ಚಿಟ್ಟದ್ದನ್ನು ನನ್ನಿಂದ ಒಂದು ಲೋಟ ಕಾಫಿಯ ಜೊತೆ ಮುಚ್ಚಿಡಲಾಗಲಿಲ್ಲ, ಅಷ್ಟೇ ನನಗೂ ನಿಮಗೂ ಇರುವ ವ್ಯತ್ಯಾಸ.

ನನ್ನ ಬೇಡಿಕೆ ದೊಡ್ಡದೇನಲ್ಲ. ಆ ಬಾಟಲಿಗಳ ನೀರಿನಲ್ಲಿ ಏನು ಕಂಡಿತೆಂದು ಊರಿಗೆ ಹೇಳಿ. ಗೇಟನ್ನು ಕಿತ್ತು ಗುಜರಿಗೆ ಹಾಕಿ. ಏರಿ ಗಟ್ಟಿಯಾಗುವವರೆಗೆ ನೀರು ಇಳಿಸಿ, ಬಯಲಿನವರಿಗೆ ಎತ್ತರದಲ್ಲಿ ನೆಲೆ ಕೊಡಿ. ಇದನ್ನು ಮಳೆಗೆ ಮುಂಚೆ ಮಾಡಿ, ಮಳೆ ಆದ ಮೇಲೆ ಸಮಿತಿ ಮಾಡಬೇಡಿ.

ಇಷ್ಟು ಅವಸರ ಯಾಕೆಂದರೆ, ಮೊನ್ನೆ ಅತ್ತೆಗೆ ನಮ್ಮ ನಡುಮನೆಯಲ್ಲಿ ವಾಕರ್ ಹಿಡಿಸಿ ನಡೆಸುತ್ತಿದ್ದೆ. ಕಿಟಕಿಯವರೆಗೆ ಬಂದು ನಿಂತು, ಉಸಿರು ತಿರುಗಿಸಿಕೊಂಡು, ತರಕಾರಿ ತರಲು ಹೇಳುವ ದನಿಯಲ್ಲಿ ಹೇಳಿದರು. "ಮುಂದಿನ ಸಲ ಅದು ಕೂಗಿದಾಗ ನೀನು ಗುಂಡನ್ನ ಎತ್ಕೊ. ನನ್ನ ಕಡೆ ತಿರುಗಿ ನೋಡ್ಬೇಡ. ನೋಡಿದ್ರೆ ನಿನಗೆ ಹೋಗಕ್ಕಾಗಲ್ಲ."

"ಸುಮ್ನಿರಿ ಅತ್ತೆ, ಏನೇನೋ ಮಾತಾಡ್ಬೇಡಿ."

"ಬೈಬೇಡ ಕಣೇ. ಹೂಂ ಅನ್ನು, ಸಾಕು."

ನಾನು ಇನ್ನೂ ಹೂಂ ಎಂದಿಲ್ಲ. ಅವರು ದಿನವೂ ಕೇಳುತ್ತಿದ್ದಾರೆ. ಆ ಒಂದು ಹೂಂ ನನ್ನ ಬಾಯಿಂದ ಹೊರಡುವ ಮೊದಲು ನೀರು ಇಳಿಸಿ, ಅಧಿಕಾರಿಗಳೇ.

ಇಂತಿ,
ತಾವು ಒಪ್ಪಿಗೆ ಕೊಟ್ಟ ವಿಳಾಸದಲ್ಲಿ ಈ ಹೊತ್ತಿನವರೆಗೆ ವಾಸವಾಗಿರುವ
ಒಬ್ಬ ಸೊಸೆ