ಸಣ್ಣ ಸೊಸೆಗೆ ಅಳು ಬರುವುದಿಲ್ಲ

ಬೈರಕೂರು
5-10-1987, ಸೋಮವಾರ

ಚಿ. ಸೌ. ಭಾರತಿಗೆ,

ನಿನ್ನ ಅಮ್ಮ ಕದಿರಮ್ಮನ ಆಶೀರ್ವಾದ. ನಾವು ಇಲ್ಲಿ ಉಂಡುಕೊಂಡು ಬೈದಾಡಿಕೊಂಡು ಇದ್ದೇವೆ. ಮಾಲೂರಿನಲ್ಲಿ ನೀವಿಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು ಎಂದು ಮುಖ ಊದಿಸಬೇಡ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಒಂದು ಇನ್‌ಲ್ಯಾಂಡ್ ತುಂಬಿಸಲು ಎರಡು ದಿನ ಬೇಕು. ನಿನ್ನ ತಮ್ಮ ಆಂಜಿನಪ್ಪನಿಗೆ ಬರೆಯೋ ಅಂದರೆ ‘ಕ್ಷೇಮ’ ಎಂದು ಒಂದು ಸಾಲು ಗೀಚಿ ಅಂಟಿಸಿಬಿಡುತ್ತಾನೆ.

ಹೋದ ತಿಂಗಳು ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಮೂಟೆ ಹೊತ್ತು ಬರುವಾಗ ಬದುವಿನ ಮೇಲೆ ಜಾರಿ ಬಿದ್ದೆ. ಮಂಡಿ ಕುಂಬಳಕಾಯಿಯ ಹಾಗೆ ಊದಿತು. ಮುಳಬಾಗಿಲಿನ ಡಾಕ್ಟರು ಕಟ್ಟು ಕಟ್ಟಿ, ಎರಡು ತಿಂಗಳು ಕಾಲು ಊರಲೇಬಾರದು ಎಂದಿದ್ದಾರೆ. ನಡುಮನೆಯಲ್ಲಿ ಮಂಚ ಹಾಕಿ ಕೂರಿಸಿದ್ದಾರೆ. ಮನೆ ನನ್ನದು, ಆದರೆ ಬಚ್ಚಲಿಗೆ ಹೋಗಬೇಕಾದರೂ ಆಂಜಿನಪ್ಪನನ್ನು ಕೂಗಬೇಕು. ರೇಷ್ಮೆ ಹುಳುವಿನ ಮನೆಯಲ್ಲಿ ಸೊಪ್ಪು ಹಾಕಿದನೋ ಇಲ್ಲವೋ ಎಂದು ಎದ್ದು ನೋಡುವ ಹಾಗಿಲ್ಲ. ಕಿವಿ ಕೊಟ್ಟು ಕೇಳಬೇಕು, ಹುಳು ಸೊಪ್ಪು ತಿನ್ನುವ ಸದ್ದು ಬಂದರೆ ಹಾಕಿದ್ದಾನೆ ಎಂದು ಲೆಕ್ಕ.

ಎದುರಿಗೆ ಅಳಿಯಂದಿರು ಕೊಟ್ಟ ಟೀವಿ. ಗೌರಿ ಹಬ್ಬಕ್ಕೆ ಬಂದ ನಿನ್ನನ್ನು ಮೂರನೇ ದಿನಕ್ಕೇ ಕರೆದುಕೊಂಡು ಹೋಗಲು ಬಂದಾಗ ಇಳಿಸಿ ಹೋದರಲ್ಲ, ಅದೇ. ನಮ್ಮ ಬೀದಿಗೆಲ್ಲ ಇದೊಂದೇ. ಭಾನುವಾರ ಬೆಳಿಗ್ಗೆ ನಾಟಕ ಬರುವ ಹೊತ್ತಿಗೆ ಬೀದಿಯೇ ನನ್ನ ಮಂಚದ ಸುತ್ತ ಕೂತಿರುತ್ತದೆ. ಬಂದವರೆಲ್ಲ ಮೊದಲು ಹಾಡುವುದು ಒಂದೇ ಹಾಡು. ‘ಎಂಥಾ ಅಳಿಯನಮ್ಮ ನಿಂಗೆ! ಇಟ್ಟಿಗೆ ಗೂಡು ಬಿಟ್ಟು ಬಂದು ಅತ್ತೆಗೆ ಟೀವಿ ಕೊಟ್ಟು ಹೋದ್ನಲ್ಲ!’ ನಾನು ಹೂಂ ಅನ್ನಬೇಕು. ಎದ್ದು ಹೋಗೋಣವೆಂದರೆ ಕಾಲಿಲ್ಲ.

ನಾಟಕ ಹಿಂದಿಯದು, ನಮಗೆ ಒಂದು ಅಕ್ಷರ ತಿಳಿಯುವುದಿಲ್ಲ. ಬಳೆ ಮಾರುವ ಮೆಹರ್ ಬಾನುಗೆ ತಿಳಿಯುತ್ತದೆ ಎಂದು ಅವಳನ್ನು ಮುಂದೆ ಕೂರಿಸಿಕೊಂಡಿದ್ದೇವೆ. ಅವರು ಹಿಂದಿಯಲ್ಲಿ ಹತ್ತು ಮಾತಾಡಿದರೆ ಇವಳು ಕನ್ನಡದಲ್ಲಿ ಎರಡು ಹೇಳುತ್ತಾಳೆ. ಉಳಿದಿದ್ದನ್ನು ನಾವು ಮುಖ ನೋಡಿ ತಿಳಿದುಕೊಳ್ಳಬೇಕು. ಅದಕ್ಕೇ ಯಾರ ಆ್ಯಕ್ಟಿಂಗು ಹೇಗೆ ಎಂಬ ಜಗಳ ನಮ್ಮಲ್ಲಿ ಜಾಸ್ತಿ. ಅತ್ತೆಯಾದವಳಿಗೆ ಎಲ್ಲರೂ ನೂರಕ್ಕೆ ನೂರು ಕೊಟ್ಟಿದ್ದಾರೆ. ಅವಳು ಬಾಗಿಲಿಗೆ ಬಂದರೆ ನಮ್ಮ ದೊಡ್ಡಮುನಿಯಮ್ಮ ಸೆರಗು ಸರಿ ಮಾಡಿಕೊಳ್ಳುತ್ತಾಳೆ. ಸಣ್ಣ ಸೊಸೆಯ ಪಾತ್ರದವಳು ಮಾತ್ರ ಯಾರಿಗೂ ಹಿಡಿಸಿಲ್ಲ. ಗಂಡ ಎನ್ನುವವನು ಅವಳಿಗೆ ಏಟು ಕೊಡುತ್ತಾನೆ. ಇವಳು ಅಳುವುದೇ ಇಲ್ಲ. ಕಲ್ಲಿನ ಹಾಗೆ ಕೂತಿರುತ್ತಾಳೆ.

ಪೆದ್ದಪ್ಪ ಗೊತ್ತಲ್ಲ, ಊರ ನಾಟಕಗಳಲ್ಲಿ ಇಪ್ಪತ್ತು ವರ್ಷ ಹೆಣ್ಣುವೇಷ ಕಟ್ಟಿದವನು. ಅವನಿಗೆ ಮೈಯೆಲ್ಲ ಉರಿ.

‘ಇದೇನ್ರೀ ಇದು? ನಾನು ಅಳೋಕೆ ಶುರು ಮಾಡಿದ್ರೆ ಮುಂದಿನ ಸಾಲಿನೋರು ಟವಲ್ ಹಿಂಡ್ತಿದ್ರು. ಈಯಮ್ಮ ಬಸ್ಸಿಗೆ ಕಾಯೋ ಹಂಗೆ ಕೂತವ್ಳೆ!’

‘ಯಾರಾದ್ರೂ ಒಂದು ಈರುಳ್ಳಿ ಕೊಡ್ರೇ ಅವ್ಳಿಗೆ’ ಎಂದಳು ದೊಡ್ಡಮುನಿಯಮ್ಮ.

‘ನೀನು ಹೆಣ್ಣುವೇಷ ಹಾಕ್ದಾಗ ಜನ ಅತ್ತಿದ್ದು ನಿನ್ ಮೀಸೆ ನೋಡಿ ಕಣೋ’ ಎಂದು ನಾನು ಪೆದ್ದಪ್ಪನಿಗೆ ಕೊಟ್ಟೆ. ಆದರೆ ಸಣ್ಣ ಸೊಸೆಯ ವಿಷಯದಲ್ಲಿ ನಾನೂ ಅವನ ಕಡೆಗೇ. ಅವಳಿಗೆ ಕೊಡುವ ಸಂಬಳ ದಂಡ.

ಅವಳನ್ನು ನೋಡಿದರೆ ನನಗೆ ನಿನ್ನ ನೆನಪಾಗುತ್ತದೆ. ಹಬ್ಬದ ದಿನ ನೀನೂ ಹೀಗೇ ಕೂತಿದ್ದೆ. ‘ಅಲ್ಲಿ ಇರೋಕಾಗಲ್ಲಮ್ಮ, ಕೈ ಮಾಡ್ತಾರೆ’ ಎಂದೆ. ಕಣ್ಣಲ್ಲಿ ಒಂದು ಹನಿ ಇಲ್ಲ. ಹೇಳಿದ ಮರುಕ್ಷಣ ಕಾಫಿ ಕೇಳಿದೆ. ಎರಡು ಕೈಗೂ ಎರಡೆರಡು ಡಜನ್ ಬಳೆ ಏರಿಸಿಕೊಂಡು ಗಲಗಲ ಎನ್ನಿಸುತ್ತಿದ್ದವಳ ಮಾತನ್ನು ಯಾರು ನಂಬುತ್ತಾರೆ? ಗಂಡನ ಮನೆಯಲ್ಲಿ ಕೆಲಸ ಜಾಸ್ತಿಯಾದರೆ ಕೆಲಸ ಜಾಸ್ತಿ ಎನ್ನು. ನನ್ನ ಮುಂದೆ ನಾಟಕ ಬೇಡ. ಆ ಮಾತು ನೀನೂ ಮರೆತಿರುತ್ತೀಯ, ನಾನೂ ಮರೆತಿದ್ದೇನೆ.

ದೀಪಾವಳಿಗೆ ಇಬ್ಬರೂ ಬನ್ನಿ. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ನೂರು ಕಾಲ ಮುತ್ತೈದೆಯಾಗಿ ಬಾಳು.

ಇಂತಿ ನಿನ್ನ ತಾಯಿ
ಕದಿರಮ್ಮ

ವಿ. ಸೂ. ಬರುವಾಗ ಉದ್ದದ ಆಂಟೆನಾ ತರಲು ಅಳಿಯಂದಿರಿಗೆ ಹೇಳು. ಗಾಳಿ ಬೀಸಿದರೆ ನಾಟಕದವರೆಲ್ಲ ನೀರಿನೊಳಗೆ ನಿಂತ ಹಾಗೆ ಕಾಣುತ್ತಾರೆ.


ಬೈರಕೂರು
9-11-1987, ಸೋಮವಾರ

ಭಾರತಿ, ನನ್ನ ಕಂದಾ,

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ಮೆಹರ್ ಬಾನು ಬಳೆ ಪೆಟ್ಟಿಗೆಯ ತಳದಲ್ಲಿಟ್ಟು ತರುತ್ತಾಳೆ. ಓದಿದ ಮೇಲೆ ಒಲೆಗೆ ಹಾಕು. ತಡವಾಗಿದ್ದಕ್ಕೆ ಈ ಸಲ ನೆಪ ಹೇಳುವುದಿಲ್ಲ. ತಡ ಆಗಿದ್ದು ಕಾಗದ ಒಂದೇ ಅಲ್ಲ.

ದೀಪಾವಳಿಗೆ ನೀನು ಬರಲಿಲ್ಲ, ಕಾರ್ಡು ಬಂತು. ‘ಪೂಜ್ಯ ಮಾತೃಶ್ರೀಯವರ ಪಾದಗಳಿಗೆ ನಮಸ್ಕಾರಗಳು. ನಾನು ಇಲ್ಲಿ ಪರಮ ಸುಖದಲ್ಲಿದ್ದೇನೆ. ಹಬ್ಬದಲ್ಲಿ ಹೇಳಿದ್ದು ಸುಳ್ಳು, ಕ್ಷಮಿಸಬೇಕು.’ ಅಕ್ಷರ ನಿನ್ನದು. ಹುಟ್ಟಿದಾಗಿನಿಂದ ನೀನು ನನ್ನನ್ನು ಮಾತೃಶ್ರೀ ಎಂದವಳಲ್ಲ. ಕಾರ್ಡನ್ನು ಆಂಜಿನಪ್ಪನಿಂದ ಎರಡು ಸಲ ಓದಿಸಿದೆ, ನಾನೂ ಓದಿದೆ. ಎದುರಿಗೆ ನಿಂತು ಹೇಳಿ ಬರೆಸಿದ್ದಾರೆ ಎಂದು ಆಗಲೇ ತಿಳಿಯಬೇಕಿತ್ತು. ‘ಪರವಾಗಿಲ್ಲ, ತಪ್ಪು ಒಪ್ಪಿಕೊಂಡಳು’ ಎಂದು ಕಾರ್ಡನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ನಿನ್ನೆ ಭಾನುವಾರ ಎಂದಿನಂತೆ ಎಲ್ಲರೂ ಬಂದು ಕೂತರು. ನಾಟಕದಲ್ಲಿ ಗಂಡ ಸಣ್ಣ ಸೊಸೆಯನ್ನು ಗೋಡೆಗೆ ನೂಕಿದ. ಅವಳು ಎದ್ದಳು. ಉರುಳಿ ಹೋಗಿದ್ದ ಲೋಟ ಎತ್ತಿ ಅದರ ಜಾಗದಲ್ಲೇ ಇಟ್ಟಳು. ಅಷ್ಟರಲ್ಲಿ ಹೊರಗಿನಿಂದ ಯಾರೋ ನೆಂಟರು ಬಂದರು, ಇವಳು ನಕ್ಕು ಏನೋ ಅಂದಳು.

‘ಏನಂದ್ಲಮ್ಮ?’ ಎಂದು ದೊಡ್ಡಮುನಿಯಮ್ಮ ಕೇಳಿದಳು.

ಎರಡನೇ ಸಲ ಕೇಳಿದ ಮೇಲೆ ಮೆಹರ್ ಬಾನು, ‘ಟೀ ಕುಡೀತೀರಾ ಅಂತ ಕೇಳ್ತಾ ಅವ್ಳೆ’ ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ಪೆದ್ದಪ್ಪ ಹಣೆ ಚಚ್ಚಿಕೊಂಡು, ‘ಏಟು ತಿಂದೋಳು ಟೀ ಕೇಳ್ತಾಳೇನ್ರೀ? ಯಾವನ್ರೀ ಇವ್ಳಿಗೆ ಪಾರ್ಟು ಕೊಟ್ಟೋನು?’ ಎಂದ.

‘ನಗಬ್ಯಾಡ್ರಿ’ ಎಂದಳು ಮೆಹರ್ ಬಾನು. ಅವಳು ಜೋರಾಗಿ ಮಾತಾಡಿದ್ದನ್ನು ನಾನು ನಿನ್ನೆಯೇ ಮೊದಲು ಕೇಳಿದ್ದು. ‘ಇದ್ರಾಗೆ ಸರಿಯಾಗಿ ಮಾಡ್ತಾ ಇರೋದು ಅವ್ಳೊಬ್ಳೇ. ನೀವು ನಾಟಕದಾಗಿನ ಅಳು ನೋಡೀರಿ ಪೆದ್ದಪ್ಪನೋರೆ, ನಾನು ಮೂವತ್ತು ವರ್ಷದಿಂದ ಹೆಂಗಸ್ರ ಕೈ ಹಿಡ್ದೀನಿ. ಬಳೆ ಏರಿಸ್ಬೇಕಾದ್ರೆ ಅಂಗೈ ಒತ್ತಿ ಹಿಡೀಬೇಕು. ಸುಖವಾಗಿರೋಳು ಅಯ್ಯೋ ಉಯ್ಯೋ ಅಂತ ಕಿರುಚ್ತಾಳೆ. ಏಟು ತಿನ್ನೋಳು ಸದ್ದೇ ಮಾಡಲ್ಲ. ಮೊಣಕೈ ಪಕ್ಕೆಗೆ ಒತ್ಕೊಂಡಿರ್ತಾಳೆ. ಬಾಗಿಲು ಕಡೆ ನೋಡ್ತಾಳೆ. ಆಮೇಲೆ ನನ್ಗೇ, ಊಟ ಆಯ್ತಾ ಬಾನಮ್ಮ ಅಂತ ಕೇಳ್ತಾಳೆ. ಆ ಹುಡುಗಿ ಎಲ್ಲಿ ಕಲ್ತಳೋ ಇದನ್ನ, ಅಲ್ಲಾನೇ ಬಲ್ಲ.’

ಹೆಂಗಸರಲ್ಲಿ ಇಬ್ಬರು ತಲೆ ತಗ್ಗಿಸಿದರು, ಯಾರು ಎಂದು ಬರೆಯುವುದಿಲ್ಲ.

ನನಗೆ ಆ ಮಾತು ಎದೆಗೆ ಬಂದು ಕೂತಿತು. ನಾಟಕ ಮುಗಿದು ಎಲ್ಲರೂ ಹೊರಟ ಮೇಲೆ ಅವಳ ಸೆರಗು ಹಿಡಿದುಕೊಂಡೆ.

‘ಗೌರಿ ಹಬ್ಬಕ್ಕೆ ನನ್ ಮಗಳಿಗೆ ಬಳೆ ಏರಿಸಿದ್ದು ನೀನೇ ಅಲ್ವೇನೇ?’

‘ಹೌ.’

‘ಅವಳು ಏನ್ ಕೇಳಿದ್ಲು?’

‘ನಕ್ಕೋ ಅಮ್ಮಾ, ಕೇಳ್ಬೇಡ. ಮಾತು ಕೊಟ್ಟೀನಿ.’

‘ಮಾತು ಕೊಟ್ಟಿದ್ಯಾ? ಹೆತ್ತೋಳು ನಾನು ಕಣೇ! ಈ ಕಾಲು ನೆಟ್ಟಗಿದ್ದಿದ್ರೆ ನಿನ್ ಪೆಟ್ಟಿಗೆ ಬೀದಿಗೆ ಎಸೀತಿದ್ದೆ. ಹೇಳ್ತೀಯೋ ಇಲ್ವೋ?’

ಅವಳು ಮಂಚದ ಅಂಚಿನಲ್ಲಿ ಕೂತಳು. ಇಪ್ಪತ್ತು ವರ್ಷದಲ್ಲಿ ನನ್ನ ಮಂಚದ ಮೇಲೆ ಅವಳು ಕೂತಿದ್ದೂ ಅದೇ ಮೊದಲು. ‘ಮೊಣಕೈವರ್ಗೂ ಬಳೆ ಬೇಕು ಅಂದ್ಲಮ್ಮ. ಯಾಕೆ ತಾಯಿ ಇಷ್ಟು ಅಂದೆ. ಸೆರಗು ಸರಿಸಿ ಮುಂಗೈ ತೋರಿಸಿದ್ಲು. ಕಬ್ಬಿಣದ ಸರಳಿನ ಬರೆ ಇತ್ತು, ಎರಡು ಕಡೆ. ಅದನ್ನ ಮುಚ್ಚೋಕೆ ಬಳೆ. ಅಮ್ಮನ ಹತ್ರ ನಾನೇ ಹೇಳ್ತೀನಿ, ನೀನು ಹೇಳ್ಬೇಡ ಅಂತ ಕೈ ಹಿಡ್ಕೊಂಡ್ಲು. ಹೇಳ್ಲಿಲ್ವಾ ನಿಂಗೆ?’

ಹೇಳಿದ್ದಳು ಎಂದು ನಾನು ಅವಳಿಗೆ ಹೇಳಲಿಲ್ಲ.

ನೀನು ಹೇಳಿದ್ದೆ. ನಾನು ಕಣ್ಣೀರು ಎಲ್ಲಿ ಎಂದು ಹುಡುಕುತ್ತಾ ಕೂತೆ. ಬಳೆಗೆ ‘ಇಟ್ಟಿಗೆ ಸಾಹುಕಾರನ ಹೆಂಡತಿಯ ಜಂಬ ನೋಡು’ ಎಂದು ಬೀದಿಯವರ ಮುಂದೆ ನಗಾಡಿದೆ. ಸಾಲದು ಎಂದು ನೀನು ಹೇಳಿದ್ದನ್ನೆಲ್ಲ ಇನ್‌ಲ್ಯಾಂಡಿನಲ್ಲಿ ಬರೆದು ನಿನ್ನ ಮನೆಗೇ ಕಳಿಸಿದೆ. ಅದನ್ನು ನಿನ್ನ ಗಂಡ ಒಡೆದು ಓದದೆ ಬಿಟ್ಟಿರುತ್ತಾನೆಯೇ? ಆ ಸಂಜೆ ನಿನಗೆ ಏನಾಯಿತೋ ಎಂದು ರಾತ್ರಿಯೆಲ್ಲ ಯೋಚಿಸಿದೆ. ಎದ್ದು ಓಡಿ ಬರೋಣವೆಂದರೆ ಈ ಕಾಲು. ಕಟ್ಟಿಹಾಕಿದ ಹಸುವಿನ ಹಾಗೆ ಹಗ್ಗದ ಉದ್ದಕ್ಕೆ ಸುತ್ತುತ್ತಿದ್ದೇನೆ. ನೀನು ಮದುವೆಯಾದ ಮೂರು ವರ್ಷದಿಂದ ಹೀಗೇ ಇದ್ದೀಯ.

ಈಗ ಹೇಳುವುದನ್ನು ಸರಿಯಾಗಿ ಓದಿಕೋ. ಗುರುವಾರ ನಿನ್ನ ಗಂಡ ಏಳು ಗಂಟೆಗೆ ಗೂಡಿನ ಕಡೆ ಹೋದ ಮೇಲೆ, ಉಟ್ಟ ಸೀರೆಯಲ್ಲೇ ಹೊರಡು. ಹೂವಿಗೋ ಹಾಲಿಗೋ ಹೋಗುವವಳ ಹಾಗೆ ಹೋಗು. ಬಸ್ ಸ್ಟ್ಯಾಂಡಿಗೆ ಹೋಗಬೇಡ, ಅಲ್ಲಿ ಗೂಡಿನ ಆಳುಗಳು ನಿಂತಿರುತ್ತಾರೆ. ರೈಲ್ವೆ ಸ್ಟೇಷನ್ನಿಗೆ ಹೋಗು. ಟಿಕೆಟ್ ಕೊಡುವ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಆಂಜಿನಪ್ಪ ಕೂತಿರುತ್ತಾನೆ. ಬಂಗಾರಪೇಟೆವರೆಗೆ ರೈಲು, ಅಲ್ಲಿಂದ ಬಸ್ಸು. ಒಡವೆ, ಪಾತ್ರೆ ಏನೂ ತರಬೇಡ. ಗುರುವಾರ ಆಗದಿದ್ದರೆ ಶುಕ್ರವಾರವೂ ಕೂತಿರುತ್ತಾನೆ, ಶನಿವಾರವೂ ಕೂತಿರುತ್ತಾನೆ.

ಬೀದಿಯವರು ಆಡಿಕೊಳ್ಳುತ್ತಾರೆ ಎಂದು ಹೆದರಬೇಡ. ಆಡಿಕೊಳ್ಳುವವರಿಗೆ ನನ್ನ ಬಾಯಿ ಗೊತ್ತು. ನಿನ್ನ ಗಂಡ ಬಾಗಿಲಿಗೆ ಬಂದರೆ ನಾನು ಮಂಚದಿಂದಲೇ ಮಾತಾಡುತ್ತೇನೆ, ಅಷ್ಟು ದನಿ ಇನ್ನೂ ಉಳಿದಿದೆ.

ಹೋದ ಸಲ ಬರೆದ ಆಶೀರ್ವಾದವನ್ನು ಹೊಡೆದು ಹಾಕಿಬಿಡು. ನೀನು ನೂರು ಕಾಲ ಬಾಳು, ಅಷ್ಟೇ.

ನಿನ್ನ ಅಮ್ಮ
ಕದಿರಮ್ಮ

ವಿ. ಸೂ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ಬೆಂಚಿನ ಮೇಲೆ ತಮ್ಮನನ್ನು ಕಂಡು ನೀನು ಹಿಂದಕ್ಕೆ ಹೋಗಿಬಿಡುತ್ತೀಯ. ಹಬ್ಬದಲ್ಲಿ ಗಂಡನಿಗೆ ಸುದ್ದಿ ಮುಟ್ಟಿಸಿ ಕರೆಸಿದವನು ಆಂಜಿನಪ್ಪ ಎಂದು ನೀನು ತಿಳಿದಿದ್ದೀಯ. ಹೊರಡುವಾಗ ನೀನು ಅವನ ಮುಖ ನೋಡಲಿಲ್ಲ, ಅವನು ಹಿಡಿದ ಚೀಲ ಕಿತ್ತುಕೊಂಡೆ. ಅವನಲ್ಲ ಕಣೇ. ನೀನು ಸ್ನಾನಕ್ಕೆ ಹೋಗಿದ್ದಾಗ, ಚನ್ನರಾಯಪ್ಪನವರ ಹೊಸ ಮನೆಗೆ ಇಟ್ಟಿಗೆ ಇಳಿಸಲು ಬಂದಿದ್ದ ನಿಮ್ಮ ಲಾರಿಯ ಡ್ರೈವರನ್ನು ಕರೆದು, ‘ಹುಡುಗಿ ವಾಪಸ್ ಬರಲ್ಲ ಅಂತ ಹಟ ಹಿಡಿದವಳೆ, ನಿಮ್ ಸಾಹುಕಾರ್ರು ಬಂದು ಕರ್ಕೊಂಡು ಹೋಗ್ಲಿ’ ಎಂದವಳು ನಾನು. ಆಂಜಿನಪ್ಪ ಲಾರಿಗೆ ಅಡ್ಡ ನಿಂತು ಬೇಡಮ್ಮ ಎಂದ. ಅವನಿಗೆ ಕೈಯೆತ್ತಿದೆ. ನೀನು ಅವನನ್ನು ಅನುಮಾನಿಸಿದಾಗ, ಕರೆಸಿದ್ದು ಅಮ್ಮ ಎಂದು ಬಾಯಿಬಿಟ್ಟರೆ ನನ್ನಾಣೆ ಎಂದು ಅವನ ಬಾಯಿ ಕಟ್ಟಿದೆ. ಎರಡು ತಿಂಗಳಿಂದ ಅವನು ನನ್ನದನ್ನು ಹೊತ್ತುಕೊಂಡು ಸುಮ್ಮನಿದ್ದಾನೆ. ಮನೆಗೆ ಬಂದ ಮೇಲೆ ನೀನು ನನ್ನ ಹತ್ತಿರ ಮಾತಾಡಬೇಕು ಎಂದು ನಾನು ಕೇಳುವುದಿಲ್ಲ. ಅವನ ಜೊತೆ ರೈಲು ಹತ್ತು.