ತಿಜೋರಿಯ ಮೇಲಿನ ಕೊಡಗಳು

ಕ್ರಿ.ಶ. ೨೪೧೬, ಹದಿಮೂರನೆಯ ತಿಂಗಳ ನಲವತ್ತನೆಯ ದಿನ

ಪ್ರೀತಿಯ ಜಗದೇವಿ ಆಯಿಗೆ,

ಮೇಲಿನ ತಾರೀಖನ್ನು ನಿನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡ, ಸಿಗುವುದಿಲ್ಲ; ನಮ್ಮ ಕಾಲಕ್ಕೆ ತಿಂಗಳು, ದಿನಗಳ ಲೆಕ್ಕವೇ ಬದಲಾಗಿದೆ. ನನ್ನ ಕೆಲವು ಮಾತುಗಳು ಒಗಟಿನಂತೆ ಕೇಳಿಸಿದರೆ ಮನ್ನಿಸು. ಭಾಷೆಯೂ ಅಷ್ಟು ದೂರ ನಡೆದು ಬಂದಿದೆ. ನಲವತ್ತೂ ತುಂಬದ ನಿನ್ನನ್ನು ಆಯಿ ಎಂದು ಕರೆದೆನೆಂದು ಸಿಟ್ಟಾಗಬೇಡ. ನಿನ್ನ ಹಿರಿಮಗಳು ಸುವರ್ಣಾ, ಅವಳ ಮಗಳು, ಆ ಮಗಳ ಮಗಳು ಎಂದು ಎಣಿಸುತ್ತ ಹೋದರೆ ಕೊನೆಗೆ ನಾನು ಸಿಗುತ್ತೇನೆ.

ನಾವು ಈಗಲೂ ನಿನ್ನ ತೊಗರಿ ಸೀಮೆಯಲ್ಲೇ ಇದ್ದೇವೆ. ಇರುವುದು ತೂಗುಮನೆಗಳಲ್ಲಿ, ಅಂದರೆ ಅಡಿಪಾಯದಲ್ಲಿ ದಪ್ಪ ರಬ್ಬರಿನ ದಿಂಡುಗಳಿದ್ದು, ನೆಲ ಅಲುಗಿದರೆ ಮುರಿಯದೆ ತೂಗುವ ಮನೆಗಳಲ್ಲಿ. ಪ್ರತಿ ಗೋಡೆಯಲ್ಲೂ ಮುಂಗೂಗ ಎಂಬ ಬಿಲ್ಲೆಯಿದೆ. ಭೂಕಂಪದಲ್ಲಿ ಮೊದಲು ಬರುವ ಅಲೆಗೆ ವೇಗ ಹೆಚ್ಚು, ಬಲ ಕಡಿಮೆ. ಮನೆ ಕೆಡವುವ ಅಲೆ ಅದರ ಹಿಂದೆ ಬರುತ್ತದೆ. ಮುಂಗೂಗ ಮೊದಲನೆಯದನ್ನು ಹಿಡಿದು ಕೂಗುತ್ತದೆ. ಸುಗ್ಗಿ ಮುಗಿದ ಮೇಲೆ ಓಣಿಯವರೆಲ್ಲ ಸೇರಿ ಮೇಜಡಿಯೂಟ ಮಾಡುತ್ತೇವೆ. ಅಭ್ಯಾಸಕ್ಕೆಂದು ಮುಂಗೂಗವನ್ನು ಕೂಗಿಸಿದೊಡನೆ ಮುದುಕರು ಮಕ್ಕಳೆನ್ನದೆ ಮೇಜಿನಡಿ ತೂರಿ, ಒಂದು ಕೈಯಲ್ಲಿ ಮೇಜಿನ ಕಾಲು ಹಿಡಿದು, ಇನ್ನೊಂದರಲ್ಲಿ ರೊಟ್ಟಿ ತಿನ್ನಬೇಕು. ಹೊಟ್ಟೆ ಬಂದ ಗಂಡಸರನ್ನು ಹೊರಗೆಳೆಯುವಷ್ಟರಲ್ಲಿ ನಕ್ಕು ನಕ್ಕು ಸಾಕಾಗುತ್ತದೆ.

ಇಷ್ಟು ಕಲಿತರೂ ಭೂಕಂಪ ಯಾವ ದಿನ ಬರುತ್ತದೆಂದು ಹೇಳಲು ನಮಗೂ ಬರುವುದಿಲ್ಲ. ನಾವು ನಿಂತ ನೆಲ ಇಡಿಯಾಗಿ, ಉಗುರು ಬೆಳೆದಷ್ಟು ನಿಧಾನವಾಗಿ ಉತ್ತರಕ್ಕೆ ಸರಿಯುತ್ತಿದೆ. ಆ ಒತ್ತಡ ಆಳದ ಹಳೆಯ ಬಿರುಕುಗಳಲ್ಲಿ ಕೂಡುತ್ತ ಹೋಗಿ, ಬಂಡೆ ತಾಳಲಾರದೆ ಜಾರಿದಾಗ ನೆಲ ನಡುಗುತ್ತದೆ. ನಿಮ್ಮೂರಲ್ಲಿ ನೆಲದೊಳಗಿಂದ ಸದ್ದು ಬಂದಾಗ ನೀನು ನೆರೆಯವರಿಗೆ ಹೇಳುವ ಮಾತು ನಮ್ಮ ತನಕ ಬಂದಿದೆ: “ದಿನಾ ಗುಡುಗುಡು ಅಂತದ ಬಿಡ್ರಿ, ಭೂಮಿ ಮಗ್ಗಲಾ ಬದಲ್ಸ್‌ಲಾಕತ್ತದ.” ಸಣ್ಣ ಕಂಪನಗಳು ಎಷ್ಟೋ ಸಲ ಏನೂ ಮಾಡದೆ ಹೋಗಿ, ಊರಿಗೆ ಊರೇ ಅಂಜುವುದನ್ನು ಮರೆತಿತ್ತು.

ನಿನ್ನ ಕಿರಿಮಗಳು ಅಂಬಿಕಾಳ ಲಗ್ನಕ್ಕೆಂದು ನೀನು ಹಿತ್ತಾಳೆ ಕೊಡ, ತಾಮ್ರದ ಹಂಡೆಗಳನ್ನು ಒಂದೊಂದಾಗಿ ತಂದು ಕಬ್ಬಿಣದ ತಿಜೋರಿಯ ಮೇಲೆ ಪೇರಿಸಿದ್ದೀ. ಪಕ್ಕದಲ್ಲೇ ಅವಳ ಮಂಚ. ಕೆಳಗಿಳಿಸೋಣವೆಂದು ಸುವರ್ಣಾ ಅಂದಾಗ ನೀನು, “ಲಗ್ನ ಆಗ್ಲಿ, ಆಮ್ಯಾಗ ಇಳಸ್ತೀನಿ” ಅಂದೆಯಂತೆ. ನಿನಗಿನ್ನೂ ಬಾರದ ಒಂದು ಮಧ್ಯಾಹ್ನ ನೆಲ ಅಲುಗಿತು. ಮನೆ ಬೀಳಲಿಲ್ಲ. ತಿಜೋರಿ ಬಿತ್ತು. ಅಂಬಿಕಾ ಮಲಗಿದ್ದಳು. ಆ ತಾರೀಖನ್ನು ಸುವರ್ಣಾ ಕೊನೆಯವರೆಗೂ ಬಾಯಿಬಿಟ್ಟು ಹೇಳಲಿಲ್ಲ.

ಸುವರ್ಣಾಳ ಸಾಲಿನಲ್ಲಿ ತಲೆಮಾರಿಗೊಂದೇ ಮಗು. ಈಗ ಉಳಿದಿರುವವಳು ನಾನೊಬ್ಬಳು. ಓಣಿಯವರು ತಮ್ಮ ಚಿಗವ್ವನ ಮಕ್ಕಳ ಜೊತೆಗಿನ ಜಗಳ ಹೇಳಿಕೊಳ್ಳುವಾಗ, ನನಗೆ ಜಗಳಕ್ಕೂ ಜನವಿಲ್ಲ. ಅಂಬಿಕಾಳ ಮಕ್ಕಳು, ಅವರ ಮಕ್ಕಳು, ಯಾರೂ ಹುಟ್ಟಲೇ ಇಲ್ಲ. ಆದರೂ ಅವರು ಬೇಕೆನಿಸುತ್ತದೆ ಆಯಿ, ಹಬ್ಬದ ದಿನಗಳಲ್ಲಂತೂ ತಡೆಯಲಾಗದಷ್ಟು.

ಕೊಡಗಳನ್ನು ನೆಲಕ್ಕಿಳಿಸು. ತಿಜೋರಿಯನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಸು. ನೆಲ ಅಲುಗುವಾಗ ಓಡಾಡದೆ ಗಟ್ಟಿ ಮೇಜಿನಡಿ ತಲೆ, ಕುತ್ತಿಗೆ ಮುಚ್ಚಿಕೊಂಡು ಕೂಡುವುದನ್ನು ಇಬ್ಬರಿಗೂ ಕಲಿಸು. ಅಲುಗಾಟ ನಿಂತ ಮೇಲೆ ಗ್ಯಾಸ್ ಬಂದ್ ಮಾಡಿ, ಗೋಡೆ, ಕಂಬಗಳಿಲ್ಲದ ಬಯಲಿಗೆ ಹೋಗಿ. ಮತ್ತೆ ಮತ್ತೆ ಕಂಪಿಸುವುದುಂಟು, ಒಳಗೆ ಬರಲು ಅವಸರ ಮಾಡಬೇಡಿ.

ಅಂಬಿಕಾ ಉಳಿದರೆ ಮುಂದಿನದೆಲ್ಲ ಬೇರೆಯಾಗಿ, ನಾನೇ ಹುಟ್ಟದೆ ಹೋಗಬಹುದು ಎನ್ನುತ್ತಾರೆ ತಿಳಿದವರು. ಅದನ್ನೂ ಯೋಚಿಸಿಯೇ ಬರೆದಿದ್ದೇನೆ. ಆಗಲಿ. ಅವಳು ಈಗ ಮಲಗಿದ್ದರೆ ಎಬ್ಬಿಸು ಆಯಿ, ಮಂಚ ಸರಿಸು.

ನಿನ್ನ,
ಇಂದುಕಲಾ