ಪೆಟ್ರೋಲು ಎಲ್ಲಿ ಹೋಯಿತೆಂದರೆ

ಖಾನಾಪುರ
ಶನಿವಾರ, ಬೆಳಿಗ್ಗೆ

ನನ್ನ ನೇತ್ರಾ,

ಕಣ್ಣೊರೆಸಿಕೊಂಡು ಕೂತು ಓದು. ಫೋನು ಮಾಡಿದರೆ ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ನಾಳೆ ನಿಮ್ಮ ಮನೆಯಲ್ಲಿ ಹಿರಿಯರು ಕೂಡುತ್ತಾರಂತೆ. "ಇವ್ರ ಕೂಡ ನನ್ನ ಬಾಳ್ವೆ ಮುಗೀತು" ಅಂತ ನೀನು ಎಲ್ಲರ ಮುಂದೆ ಹೇಳುವವಳಿದ್ದೀಯಂತೆ. ನಿನ್ನೆ ನಿನ್ನ ನಾದಿನಿ ಅಕ್ಕವ್ವ ಫೋನಿನಲ್ಲಿ ಅತ್ತಳು.

ನಿನ್ನ ಸಂಶಯವನ್ನೂ ಅವಳೇ ಹೇಳಿದಳು. ಅಳಿಯಂದಿರು ರವಿವಾರ ನಿಮ್ಮಪ್ಪನಿಗೆ ಔಷಧ ಕೊಟ್ಟುಬರುತ್ತೇನೆಂದು ಹೊರಡುತ್ತಾರೆ. ಕಿಲೋಮೀಟರ್ ಖಾನಾಪುರಕ್ಕೆ ಹೋಗಿಬಂದಷ್ಟೇ, ಪೆಟ್ರೋಲು ಮಾತ್ರ ಗೋವೆಗೆ ಹೋಗಿಬಂದಷ್ಟು! ಚಂದ ಎವರೇಜ್ ಕೊಡುತ್ತಿದ್ದ ಗಾಡಿ ಹೀಗೇಕಾಯಿತೆಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಅಂದಮೇಲೆ ಎಲ್ಲೋ ಗಾಡಿ ನಿಲ್ಲಿಸಿ, ಏಸಿ ಹಚ್ಚಿ, ಯಾವಳನ್ನೋ ಬಾಜು ಕೂಡ್ರಿಸಿಕೊಂಡಿರುತ್ತಾರೆ. ಇದೇ ಅಲ್ಲವೇ ನಿನ್ನ ಲೆಕ್ಕ?

ಹುಚ್ಚಿ, ಗಾಡಿ ಪೆಟ್ರೋಲು ಕುಡಿಯಲಿಕ್ಕೆ ಇನ್ನೊಬ್ಬ ಹೆಂಗಸೇ ಬೇಕೇನು? ಗಾಲಿಯ ಹವಾ ಇಳಿದರೂ ಕುಡಿಯುತ್ತದೆ. ನಾನು ಕಳಿಸಿದ ಅಕ್ಕಿ ಚೀಲವನ್ನು ನೀನು ಡಿಕ್ಕಿಯಲ್ಲೇ ಬಿಟ್ಟರೂ, ಮೇಲಿನ ಕ್ಯಾರಿಯರ್ ಬಿಚ್ಚದೆ ಓಡಿಸಿದರೂ ಕುಡಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಕುಡಿಯುವುದು ಒಂದನೇ ಗೇರಿನಲ್ಲೇ ಗುರ್ ಅನ್ನಿಸುತ್ತ, ಅರ್ಧ ಕ್ಲಚ್ ತುಳಿದುಕೊಂಡು, ನಾಲ್ಕು ಮಾರು ಹೋಗಿ ಗಕ್ಕನೆ ಬ್ರೇಕ್ ಒತ್ತಿ, ಮತ್ತೆ ಶುರುವಿನಿಂದ ಹೊರಟರೆ. ಅವ್ವನಿಗೆ ಇಷ್ಟೆಲ್ಲ ಹೇಗೆ ಗೊತ್ತು ಅಂತೀಯಾ? ತುಳಿದವಳೇ ನಾನು.

ಹೌದವ್ವಾ. ಗಾಡಿಯಲ್ಲಿದ್ದ ಆ ಹೆಂಗಸು ನಾನೇ. ಬಾಜು ಕೂತವರು ನಿನ್ನ ಗಂಡ, ಸ್ಟೇರಿಂಗ್ ನನ್ನ ಕೈಯಲ್ಲಿ. ಊರ ಹೊರಗಿನ ಬಯಲಿನಲ್ಲಿ ಅವರು ನನಗೆ ಗಾಡಿ ಕಲಿಸುತ್ತಿದ್ದರು.

ನಿಮ್ಮಪ್ಪನಿಗೆ ಲಕ್ವ ಹೊಡೆದ ದಿನ ನೆನಪಿದೆಯಲ್ಲ? ನೀವು ರೈಲಿನಲ್ಲಿ ಮದುವೆಗೆ ಹೋಗಿದ್ದಿರಿ. ನಿಮ್ಮ ಗಾಡಿ ನಮ್ಮ ಅಂಗಳದಲ್ಲೇ ನಿಂತಿತ್ತು, ಕೀಲಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಅವರ ಕೈ ಹಿಡಿದುಕೊಂಡು ನಾನು ಆ ಗಾಡಿಯನ್ನೇ ನೋಡುತ್ತ ಕೂತೆ. ಬೆಳಗಾವಿಯಿಂದ ಇನ್ನೊಂದು ಗಾಡಿ ಬರುವಷ್ಟರಲ್ಲಿ ಅವರ ಮಾತು ನಿಂತೇ ಹೋಗಿತ್ತು. ಆ ಸಂಕಟ ನನ್ನ ವೈರಿಗೂ ಬೇಡ.

ಕಲಿಯುತ್ತೇನೆ ಅಂತ ಮೊದಲು ನಿನಗೇ ಹೇಳಿದ್ದೆ. "ಯವ್ವಾ, ರೊಟ್ಟಿ ಬಡಿಯೂ ಕೈಯಾಗ ಸ್ಟೇರಿಂಗೇನ?" ಅಂತ ನಕ್ಕುಬಿಟ್ಟಿ. ನನಗೂ ರೋಷ ಬಂತು. ಪೂರ್ತಿ ಕಲಿಯುವತನಕ ನಿನಗೆ ತಿಳಿಸಬಾರದೆಂದು ಅಳಿಯಂದಿರಿಂದ ಕೊರಳ ಲಿಂಗ ಮುಟ್ಟಿಸಿ ಆಣೆ ತೆಗೆದುಕೊಂಡೆ. ನೀನು ಬಾಯಿಗೆ ಬಂದಂತೆ ಬೈದರೂ ಆ ಪುಣ್ಯಾತ್ಮ ಲಿಂಗದಾಣೆ ಮುರಿಯಲಿಲ್ಲ. ಮೊನ್ನೆ ಗಾಡಿ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ, "ಅತ್ಯಾರ, ಇದರ ಸಲುವಾಗಿ ಮನಿ ಒಡ್ಯೂದಾದ್ರ ಇದು ಇಲ್ಲೇ ಇರ್ಲಿ" ಎಂದು ಕೀಲಿ ಕೊಟ್ಟರು. ಚಹಾನೂ ಕುಡಿಯದೆ ಬಸ್ಸು ಹತ್ತಿ ಹಿಂಡಲಗಾಕ್ಕೆ, ಅಕ್ಕವ್ವನ ಮನೆಗೆ ಹೋದರು. ಆಗ ನನಗೆ ಏನೂ ತಿಳಿಯಲಿಲ್ಲ, ನಿನ್ನೆ ಅಕ್ಕವ್ವ ಹೇಳಿದ ಮೇಲೇ ತಿಳಿಯಿತು.

ಬೈಯುವುದಿದ್ದರೆ ನನ್ನನ್ನು ಬೈ. ಆದರೆ ನಾಳೆ ಹಿರಿಯರ ಮುಂದೆ ಆ ಮಾತು ಮಾತ್ರ ಆಡಬೇಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಿನ್ನನ್ನು ಹೆತ್ತ ತಪ್ಪಿಗೆ ಇನ್ನೂ ಕಲಿಯುತ್ತಿರುವ
ನಿನ್ನ ಅವ್ವ, ಕಾಂತಾ

ತಾ.ಕ.: ಈ ನಾಲ್ಕು ಸಾಲು ಮಾತ್ರ ನಿಮ್ಮ ವಡಗಾವಿಯಲ್ಲೇ ಬರೆಯುತ್ತಿದ್ದೇನೆ. ಟಪಾಲು ನಾಳೆಯೊಳಗೆ ಮುಟ್ಟುವುದಿಲ್ಲವೆಂದು ನಾನೇ ಗಾಡಿ ಹೊಡೆದುಕೊಂಡು ಬಂದೆ. ನಿಮ್ಮಪ್ಪ ಬಾಜು ಕೂತಿದ್ದಾರೆ, ದಾರಿಯುದ್ದಕ್ಕೂ ನನ್ನ ಸೆರಗು ಬಿಟ್ಟಿಲ್ಲ. ನಿಮ್ಮ ಓಣಿಯೊಳಗೆ ಅರ್ಧ ಬಂದು ಸಿಕ್ಕಿಕೊಂಡಿದ್ದೇನೆ. ಮುಂದೆ ನೂಲು ಹೇರಿದ ಟೆಂಪೊ, ಹಿಂದೆ ಮಂದಿ ಹಾರ್ನ್ ಹೊಡೆದು ಕಿವಿ ಹರಿಯುತ್ತಿದ್ದಾರೆ. ನಿಮ್ಮ ಪಕ್ಕದ ಮನೆಯ ಸಾತವ್ವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನನಗೆ ರಿವರ್ಸ್ ಇನ್ನೂ ಬರುವುದಿಲ್ಲ, ಅದನ್ನು ಕಲಿಸುವ ರವಿವಾರ ಬರುವುದರೊಳಗೇ ನಿಮ್ಮ ಜಗಳ ಬಂತು. ಅಳಿಯಂದಿರಿಗೆ ಫೋನು ಮಾಡಿ ಕರೆಸು. ನಾನು ಮಾಡುವುದಿಲ್ಲ. ನೀನೇ ಮಾಡು.